ತುಂಬುವ ಊಟ, ತಡೆಯುವ ಊಟ: ತೂಕ ಇಳಿಸುವ ಆಪರೇಷನ್ ಆದ ಮೇಲೆ ಏನನ್ನು ಆರಿಸಬೇಕು?

ಆಪರೇಷನ್ ಆಗಿ ನಾಲ್ಕನೇ ತಿಂಗಳು. ಬೆಳಗ್ಗೆ ಎಂಟಕ್ಕೆ ಒಂದು ಬಟ್ಟಲು ತರಕಾರಿ ಸೂಪ್ ಕುಡಿದೆ. ಹೊಟ್ಟೆ ಬಿಗಿದುಕೊಂಡಿತು, ಇನ್ನೊಂದು ಚಮಚ ಹಿಡಿಸುವಂತಿರಲಿಲ್ಲ. ಒಂಬತ್ತೂವರೆಗೆ ನೋಡಿದರೆ ಅಡುಗೆಮನೆಯಲ್ಲಿ ನಿಂತು ಬಿಸ್ಕತ್ತಿನ ಡಬ್ಬಿ ಹುಡುಕುತ್ತಿದ್ದೇನೆ. ಮಾರನೇ ದಿನ ಅದೇ ಹೊತ್ತಿಗೆ ಎರಡು ಮೊಟ್ಟೆಯನ್ನು ಮೆತ್ತಗೆ ಕಲಕಿ ಬೇಯಿಸಿಕೊಂಡೆ. ಎರಡನೆಯದು ಪೂರ್ತಿ ಮುಗಿಯಲೂ ಇಲ್ಲ. ಮಧ್ಯಾಹ್ನ ಒಂದು ಗಂಟೆಯ ತನಕ ಊಟದ ನೆನಪೇ ಬರಲಿಲ್ಲ.

ಎರಡೂ ದಿನ ಹೊಟ್ಟೆ ತುಂಬಿತ್ತು. ತಡೆದದ್ದು ಮಾತ್ರ ಒಂದೇ ದಿನ.

ಆಪರೇಷನ್ನಿಗೆ ಮುಂಚೆ ನಾವು ಡಯೆಟ್ ಮಾಡುವಾಗ ಕಲಿತದ್ದೆಲ್ಲ ತುಂಬುವ ಊಟದ ಪಾಠ. ಸೂಪ್ ಕುಡಿ, ಸಲಾಡ್ ತಿನ್ನು, ಊಟಕ್ಕೆ ಮೊದಲು ಎರಡು ಲೋಟ ನೀರು ಕುಡಿ. ದೊಡ್ಡ ಹೊಟ್ಟೆಗೆ ಅದು ಸರಿಯೇ. ಹೊಟ್ಟೆ ಚಿಕ್ಕದಾದ ಮೇಲೆ ಆ ಪಾಠ ಅರ್ಧಕ್ಕರ್ಧ ತಲೆಕೆಳಗಾಗುತ್ತದೆ. ಈಗ ಯಾವುದು ತಿಂದರೂ ತುಂಬುತ್ತದೆ. ನಾಲ್ಕು ಚಮಚ ತಿಂದ ಮೇಲೆ ಎಷ್ಟು ಹೊತ್ತು ತಡೆಯುತ್ತದೆ, ಆ ನಾಲ್ಕು ಚಮಚದಲ್ಲಿ ಮೈಗೆ ಬೇಕಾದದ್ದು ಎಷ್ಟಿದೆ ಅನ್ನುವುದನ್ನು ನೋಡಬೇಕು.

ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸುಸಾನ್ನಾ ಹೋಲ್ಟ್ ಮತ್ತು ಸಂಗಡಿಗರು 38 ಆಹಾರಗಳನ್ನು ಪರೀಕ್ಷೆಗೆ ಹಚ್ಚಿದರು. ಪ್ರತಿಯೊಂದರಲ್ಲೂ ಸುಮಾರು 240 ಕ್ಯಾಲೊರಿ ಆಗುವಷ್ಟು ತಿನ್ನಿಸಿ, ಮುಂದಿನ ಎರಡು ಗಂಟೆ ಹಸಿವು ಎಷ್ಟಿದೆ ಅಂತ ಕೇಳುತ್ತಾ ಹೋದರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತ ಇಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಎಲ್ಲಕ್ಕಿಂತ ಮೇಲೆ. ಕ್ರಾಸಾಂಟ್ ಅನ್ನುವ ಬೆಣ್ಣೆ ಹಾಕಿದ ಪದರ ಪದರದ ಬನ್ 47ಕ್ಕೆ ಕೊನೆಗೆ ನಿಂತಿತು. ಈ ಪಟ್ಟಿ ಇಂದಿಗೂ ಎಲ್ಲೆಡೆ ಓಡಾಡುತ್ತಿದೆ. ಆದರೆ 240 ಕ್ಯಾಲೊರಿಯ ಆಲೂಗಡ್ಡೆ ಅಂದರೆ ಕಾಲು ಕೆಜಿಗೂ ಜಾಸ್ತಿ! ನನ್ನ ಆಗಿನ ಹೊಟ್ಟೆಗೆ ಅದು ಮೂರು ಹೊತ್ತಿನ ಊಟ. ಮೂರು ಹೊತ್ತೂ ಆಲೂಗಡ್ಡೆಯನ್ನೇ ತಿಂದರೆ ಪ್ರೋಟೀನಿಗೆ ಜಾಗ ಎಲ್ಲಿ? ಮಾಮೂಲಿ ಹೊಟ್ಟೆಯವರಿಗೆ ಮಾಡಿದ ಪಟ್ಟಿಯನ್ನು ಹಾಗೇ ಎತ್ತಿಕೊಳ್ಳಬೇಡಿ.

ಒಳಗೆ ಏನು ಬದಲಾಗಿರುತ್ತದೆ

ಸ್ಲೀವ್ ಆಪರೇಷನ್ನಿನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕೂ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಮೇಲಿನ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೇ ಇಲ್ಲವೇನೋ ಅನ್ನಿಸುತ್ತದೆ. ತೂಕ ಇಳಿಸುವ ಇನ್ನೊಂದು ಬಗೆಯ ಆಪರೇಷನ್ ಬೈಪಾಸ್. ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡು ದೊಡ್ಡ ಚಮಚ ಹಾಕಿದರೆ ಅದು ಭರ್ತಿ.

ಊಟ ಆರಿಸುವಾಗ ಮುಖ್ಯವಾಗುವ ಇನ್ನೊಂದು ವ್ಯತ್ಯಾಸವಿದೆ. ಸ್ಲೀವ್‌ನಲ್ಲಿ ಹೊಟ್ಟೆಯ ಕೆಳಗಿನ ಕವಾಟ ಹಾಗೇ ಉಳಿದಿರುತ್ತದೆ. ಊಟವನ್ನು ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುವ ಬಾಗಿಲು ಅದು. ಬೈಪಾಸ್‌ನಲ್ಲಿ ಊಟ ಆ ಬಾಗಿಲಿನ ದಾರಿಯಲ್ಲಿ ಹೋಗುವುದೇ ಇಲ್ಲ. ಅದಕ್ಕೇ ಬೈಪಾಸ್ ಆದವರಿಗೆ ಸಿಹಿ ತಿಂದರೆ ಡಂಪಿಂಗ್, ಅಂದರೆ ತಿಂದದ್ದು ಒಮ್ಮೆಲೇ ಕರುಳಿಗೆ ಸುರಿದುಬಿಡುವುದು, ಜಾಸ್ತಿ. ಅರ್ಧ ಗಂಟೆಯೊಳಗೆ ಎದೆ ಹೊಡೆದುಕೊಳ್ಳುತ್ತದೆ, ಬೆವರು, ಹೊಟ್ಟೆ ಹಿಂಡಿದ ಹಾಗೆ, ಭೇದಿ. ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಸಕ್ಕರೆ ಮಟ್ಟ ಪಾತಾಳಕ್ಕಿಳಿದು ಕೈ ನಡುಗುತ್ತದೆ. ಸ್ಲೀವ್ ಆದವರಿಗೆ ಡಂಪಿಂಗ್ ಬರುವುದೇ ಇಲ್ಲ ಅಂತಲ್ಲ. ಅವರಿಗೆ ಹುಳಿತೇಗು, ಎದೆಯುರಿಯ ಕಾಟ ಜಾಸ್ತಿ.

ದ್ರವ ಈ ಹೊಟ್ಟೆಯಿಂದ ಬೇಗ ಜಾರಿಹೋಗುತ್ತದೆ. ಮೆತ್ತಗಿದ್ದರೂ ಗಟ್ಟಿಯಾದದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ನನ್ನ ಸೂಪು ಒಂದೂವರೆ ಗಂಟೆಗೆ ಕೈಕೊಟ್ಟಿದ್ದು ಅದಕ್ಕೇ. ಊಟದ ಜೊತೆ ನೀರು ಬೇಡ, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ ಅಂತ ಹೇಳುವುದೂ ಹೆಚ್ಚುಕಡಿಮೆ ಇದಕ್ಕೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಹೋಲಿಕೆಗಳೆಲ್ಲ ಗಟ್ಟಿ ಊಟಕ್ಕೆ ಬಂದವರಿಗೆ. ಮೊದಲು ನೀರಿನಂಥದ್ದು, ಆಮೇಲೆ ದ್ರವ, ಆಮೇಲೆ ಅರೆದದ್ದು, ಆಮೇಲೆ ಮೆತ್ತನೆಯದು ಅಂತ ಮೆಟ್ಟಿಲುಗಳಿರುತ್ತವೆ. ಎಲ್ಲ ಮುಗಿಯಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ನಿಮ್ಮ ಸರ್ಜನ್, ಡಯೆಟಿಷಿಯನ್ ಕೊಟ್ಟ ಚೀಟಿಯಲ್ಲಿ ಯಾವ ವಾರಕ್ಕೆ ಏನು ಅಂತ ಬರೆದಿದೆಯೋ ಅದೇ ಸರಿ. ಹೊಲಿಗೆ ಮಾಯುವ ಮೊದಲು ಮೆಟ್ಟಿಲು ಹಾರುವುದು ಅಪಾಯ.

ಬೆಳಗ್ಗೆ: ಮೊಟ್ಟೆಯೋ, ಓಟ್ಸೋ, ಬ್ರೆಡ್ಡೋ

ಲೆಕ್ಕ ಇಲ್ಲಿಂದಲೇ ಶುರು ಮಾಡೋಣ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಅನ್ನುವುದು ಸಾಮಾನ್ಯವಾಗಿ ಕೊಡುವ ಗುರಿ. ಕೆಲವರಿಗೆ 80 ಅಥವಾ ಅದಕ್ಕೂ ಜಾಸ್ತಿ ಹೇಳುತ್ತಾರೆ. ದಿನಕ್ಕೆ ಐದು ಸಲ ತಿಂದರೂ ಒಂದು ಸಲಕ್ಕೆ 12 ಗ್ರಾಂ ಬೇಕಾಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಎರಡು ತಿಂದರೆ ಆ ಹೊತ್ತಿನ ಲೆಕ್ಕ ಚುಕ್ತಾ. ನೀರಲ್ಲಿ ಬೇಯಿಸಿದ ಓಟ್ಸ್ ಅರ್ಧ ಕಪ್ ತಿಂದರೆ ಸಿಗುವುದು ಹೆಚ್ಚೆಂದರೆ 3 ಗ್ರಾಂ. ಒಂದು ಸ್ಲೈಸ್ ಬ್ರೆಡ್ಡಿನಲ್ಲೂ ಅಷ್ಟೇ.

ಓಟ್ಸ್ ಕೆಟ್ಟದ್ದು ಅಂತಲ್ಲ. ಅದರ ನಾರು ಒಳ್ಳೆಯದು, ಮಲಬದ್ಧತೆಗೂ ಸಹಾಯ. ಆಪರೇಷನ್ ಆದ ಮೇಲೆ ಮಲಬದ್ಧತೆ ಎಷ್ಟು ಕಾಡುತ್ತದೆ ಅಂತ ಯಾರೂ ಮೊದಲೇ ಹೇಳುವುದಿಲ್ಲ, ಅದು ಬೇರೆ ಮಾತು. ಆದರೆ ಓಟ್ಸ್ ಒಂದನ್ನೇ ತಿಂದರೆ ಹೊಟ್ಟೆ ಭರ್ತಿ, ಪ್ರೋಟೀನ್ ಖಾಲಿ. ಹಾಲಲ್ಲಿ ಬೇಯಿಸಿ, ಮೇಲೆ ಒಂದು ಚಮಚ ಹಾಲಿನ ಪುಡಿ ಕಲಸಿಕೊಂಡರೆ ಅದು ಊಟದ ಲೆಕ್ಕಕ್ಕೆ ಬರುತ್ತದೆ.

ಮೊಟ್ಟೆಯಲ್ಲೂ ಒಂದು ಸೂಕ್ಷ್ಮ ಇದೆ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಹಳದಿ ಪುಡಿಪುಡಿಯಾಗಿ ಒಣಗಿರುತ್ತದೆ. ಹೊಸತರಲ್ಲಿ ಅದು ಎದೆಯ ಹತ್ತಿರ ಸಿಕ್ಕಿಹಾಕಿಕೊಂಡ ಹಾಗಾಗುತ್ತದೆ. ಸಣ್ಣ ಉರಿಯಲ್ಲಿ, ಸ್ವಲ್ಪ ಹಾಲು ಹಾಕಿ, ತೇವ ಇರುವಾಗಲೇ ಇಳಿಸಿದ ಮೊಟ್ಟೆ ಸಲೀಸಾಗಿ ಇಳಿಯುತ್ತದೆ. ಕೆಲವರಿಗೆ ಮೊದಲೆರಡು ತಿಂಗಳು ಮೊಟ್ಟೆಯ ವಾಸನೆಯೇ ಸೇರುವುದಿಲ್ಲ. ಹಾಗಾದರೆ ಸುಮ್ನೆ ಹಟ ಮಾಡಬೇಡಿ. ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಬಾಯಿರುಚಿ ಬದಲಾಗುತ್ತಾ ಇರುತ್ತದೆ.

ಬೆಳಗ್ಗೆಗೆ ನನ್ನ ಓಟು ಮೊಟ್ಟೆಗೆ. ಮೊಟ್ಟೆ ತಿನ್ನದಿದ್ದರೆ ಮೊಸರಿಗೆ, ಆದರೆ ಬಸಿದ ಮೊಸರಿಗೆ.

ಮೊಸರಿನಲ್ಲಿ ಮೂರು ಬಗೆ

ಮಾಮೂಲಿ ಮೊಸರಿನಲ್ಲಿ 100 ಗ್ರಾಮಿಗೆ ಮೂರೂವರೆ ಗ್ರಾಂ ಹತ್ತಿರ ಪ್ರೋಟೀನ್. ಅದನ್ನೇ ತೆಳು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದರೆ, ಅಥವಾ ಅಂಗಡಿಯಲ್ಲಿ ಗ್ರೀಕ್ ಯೋಗರ್ಟ್ ಅಂತ ಸಿಗುವುದನ್ನು ತಂದರೆ, 9-10 ಗ್ರಾಂ ಇರುತ್ತದೆ. ಅದೇ ಬಟ್ಟಲು, ಎರಡೂವರೆ ಪಟ್ಟಿನಷ್ಟು ಪ್ರೋಟೀನ್. ಗಟ್ಟಿ ಇರುವುದರಿಂದ ತಡೆಯುವುದೂ ಜಾಸ್ತಿ ಹೊತ್ತು.

ಮೂರನೆಯದು ಹಣ್ಣಿನ ರುಚಿಯ ಸಿಹಿ ಮೊಸರು. ಡಬ್ಬಿಯ ಮೇಲೆ ಆರೋಗ್ಯ ಅಂತ ಬರೆದಿದ್ದರೂ ಒಳಗೆ ಇರುವುದು ಸಕ್ಕರೆ. ನಾನು ಕೊಳ್ಳುವುದು ಬಿಟ್ಟಿದ್ದೇನೆ. ಸಪ್ಪೆ ಬಸಿದ ಮೊಸರಿಗೆ ಮಾಗಿದ ಹಣ್ಣಿನ ಎರಡು ತುಂಡು ಕಿವುಚಿ ಹಾಕಿಕೊಂಡರೆ ಸಾಕು, ನಾಲಿಗೆಯೂ ಸುಮ್ಮನಾಗುತ್ತದೆ. ಆಪರೇಷನ್ ಆದ ಮೇಲೆ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರಿಗೂ ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಹಾಲಿನ ಸಕ್ಕರೆಯನ್ನು ಮೊಸರಿನ ಬ್ಯಾಕ್ಟೀರಿಯಾ ಒಂದಿಷ್ಟು ಮೊದಲೇ ತಿಂದಿರುತ್ತವೆ.

ಸೂಪು, ಶೇಕು, ಗಟ್ಟಿ ಬೇಳೆ

ಪ್ರೋಟೀನ್ ಶೇಕ್ ಬಗ್ಗೆ ಜನ ಎರಡು ಪಂಗಡ. ಅದಿಲ್ಲದೆ ಆಗುವುದೇ ಇಲ್ಲ ಅನ್ನುವವರು ಒಂದು, ಅದು ಬರೀ ಪುಡಿ ಅನ್ನುವವರು ಇನ್ನೊಂದು. ನನ್ನ ಪ್ರಕಾರ ಶೇಕು ಊರುಗೋಲಿದ್ದ ಹಾಗೆ. ಮೊದಲ ವಾರಗಳಲ್ಲಿ ಅದಿಲ್ಲದೆ ನಡೆಯುವುದು ಕಷ್ಟ. ಒಂದು ಅಳತೆ ಪುಡಿಯಲ್ಲಿ 20-25 ಗ್ರಾಂ ಪ್ರೋಟೀನ್ ಸಿಗುತ್ತದೆ, ಗಟ್ಟಿ ಊಟ ಇಳಿಯದ ದಿನಗಳಲ್ಲಿ ಇದಕ್ಕಿಂತ ಸುಲಭ ದಾರಿ ಇಲ್ಲ. ಆದರೆ ಶೇಕು ಕೂಡ ದ್ರವವೇ ಅಲ್ವಾ? ಲೆಕ್ಕ ತುಂಬುತ್ತದೆ, ಹೊಟ್ಟೆ ತಡೆಯುವುದಿಲ್ಲ. ಆರು ತಿಂಗಳಾದ ಮೇಲೂ ಬೆಳಗ್ಗೆ ಶೇಕು, ಸಂಜೆ ಶೇಕು ಅಂತ ಇದ್ದು, ನಡುವೆ ಹಸಿವಾಗುತ್ತದೆ ಅಂತ ದೂರಿದರೆ ತಪ್ಪು ಹೊಟ್ಟೆಯದ್ದಲ್ಲ. ಹಾಲು ಒಗ್ಗದವರು ಪುಡಿ ಕೊಳ್ಳುವಾಗ ವೇ ಐಸೊಲೇಟ್ (ಹಾಲಿನಿಂದ ಬೇರ್ಪಡಿಸಿದ ಪ್ರೋಟೀನ್) ಅಂತ ಬರೆದದ್ದನ್ನು ನೋಡಿ, ಅದರಲ್ಲಿ ಹಾಲಿನ ಸಕ್ಕರೆ ತೀರಾ ಕಡಿಮೆ.

ಬೇಳೆಯ ಕಥೆ ಬೇರೆ. ನೀರು ನೀರಾಗಿ ಮಾಡಿದರೆ ಅದೂ ಸೂಪೇ. ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಬೇಯಿಸಿದರೆ ಅರ್ಧ ಕಪ್ಪಿಗೆ 9 ಗ್ರಾಂ ಪ್ರೋಟೀನ್, ಜೊತೆಗೆ ನಾರು. ತಡೆಯುವ ವಿಷಯದಲ್ಲಿ ನನ್ನ ಅನುಭವದಲ್ಲಿ ಮೊಟ್ಟೆಗೆ ಹತ್ತಿರ ಬರುವುದು ಇದೊಂದೇ. ಸಿಪ್ಪೆ ತೆಗೆದ ಬೇಳೆ ಮೊದಲು, ಸಿಪ್ಪೆ ಇರುವ ಕಾಳು ಆಮೇಲೆ. ಕಡಲೆ, ರಾಜ್ಮಾದಂಥ ದೊಡ್ಡ ಕಾಳನ್ನು ರಾತ್ರಿ ನೆನೆಹಾಕಿ, ನೀರು ಬದಲಿಸಿ, ಹಿಸುಕಿದರೆ ಹಿಟ್ಟಾಗುವ ಹಾಗೆ ಬೇಯಿಸಿ. ಗ್ಯಾಸ್ ಆಗುವುದು ನಿಜ. ಎರಡು ಚಮಚದಿಂದ ಶುರು ಮಾಡಿದರೆ ಕರುಳು ನಿಧಾನಕ್ಕೆ ಹೊಂದಿಕೊಳ್ಳುತ್ತದೆ.

ಕೋಳಿ, ಮೀನು, ಕೈಮಾ

ಕಾಗದದ ಮೇಲೆ ಕೋಳಿಯ ಎದೆಭಾಗವೇ ಗೆಲ್ಲುತ್ತದೆ. ಬೇಯಿಸಿದ 100 ಗ್ರಾಮಿನಲ್ಲಿ 30 ಗ್ರಾಂ ಹತ್ತಿರ ಪ್ರೋಟೀನ್. ತಟ್ಟೆಯಲ್ಲಿ ಅದು ಸೋಲುತ್ತದೆ. ಈ ಆಪರೇಷನ್ ಆದವರನ್ನು ಕೇಳಿ, ಮೊದಲ ಸಲ ಊಟ ಸಿಕ್ಕಿಕೊಂಡದ್ದು ಯಾವುದರಿಂದ ಅಂತ. ತುಂಬಾ ಜನ ಹೇಳುವುದು ಒಣ ಕೋಳಿ ಅಂತಲೇ. ಅದರಲ್ಲೂ ನಿನ್ನೆಯದನ್ನು ಇವತ್ತು ಬಿಸಿ ಮಾಡಿದ್ದು. ನನಗೂ ಹಾಗೇ ಆಯಿತು. ಎರಡು ತುತ್ತು ಇಳಿಯಿತು, ಮೂರನೆಯದು ಎದೆಯ ಮಧ್ಯೆ ಕಲ್ಲಿನ ಹಾಗೆ ನಿಂತಿತು. ಬಾಯಲ್ಲಿ ನೊರೆನೊರೆ ಜೊಲ್ಲು. ಅರ್ಧ ಗಂಟೆ ನಿಂತೇ ಇದ್ದೆ. ನೀರು ಕುಡಿದು ತಳ್ಳಲು ಹೋದೆ, ಅದು ಇನ್ನೂ ತಪ್ಪು.

ಮೀನಿನಲ್ಲಿ ಪ್ರೋಟೀನ್ ಸ್ವಲ್ಪ ಕಡಿಮೆ, 20-25 ಗ್ರಾಂ. ಆದರೆ ಅದರ ಎಳೆ ಚಿಕ್ಕದು, ಮುಟ್ಟಿದರೆ ಬಿಡಿಸಿಕೊಳ್ಳುತ್ತದೆ, ತೇವ ಉಳಿದಿರುತ್ತದೆ. ಗಟ್ಟಿ ಊಟಕ್ಕೆ ಕಾಲಿಡುವಾಗ ಕೋಳಿಗಿಂತ ಮೀನು ವಾಸಿ. 60 ಗ್ರಾಂ ಮೀನು ತಿಂದರೆ ಆ ಹೊತ್ತಿನ 12 ಗ್ರಾಂ ಬಂದೇ ಬರುತ್ತದೆ. ಮುಳ್ಳಿನ ಬಗ್ಗೆ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿ.

ಕೋಳಿಯೇ ಬೇಕು ಅನ್ನುವವರಿಗೆ ಎರಡು ದಾರಿ. ಒಂದು, ಎದೆಭಾಗ ಬಿಟ್ಟು ತೊಡೆಭಾಗ ತೆಗೆದುಕೊಳ್ಳುವುದು. ಜಿಡ್ಡು ತುಸು ಜಾಸ್ತಿ, ಆದರೆ ಒಣಗುವುದಿಲ್ಲ. ಇನ್ನೊಂದು ಕೈಮಾ. ಯಂತ್ರ ಅರ್ಧ ಅಗಿದು ಕೊಟ್ಟಿರುತ್ತದೆ, ಉಳಿದದ್ದು ಹಲ್ಲಿನ ಕೆಲಸ. ರಸ ಇರುವ ಹಾಗೆ ಬೇಯಿಸಿದ ಕೈಮಾ ನಾಲ್ಕು ಗಂಟೆ ತಡೆಯುತ್ತದೆ. ಆಡು, ಕುರಿ, ದನ, ಹಂದಿಯ ಗಟ್ಟಿ ತುಂಡು ಎಲ್ಲಕ್ಕಿಂತ ಕೊನೆಗೆ. ಕೆಲವರಿಗೆ ವರ್ಷವಾದರೂ ಒಗ್ಗುವುದಿಲ್ಲ.

ಮಾಂಸ ತಿನ್ನದವರಿಗೆ ಬೇಳೆ, ಬಸಿದ ಮೊಸರಿನ ಜೊತೆ ಟೋಫು (ಸೋಯಾ ಹಾಲಿನಿಂದ ಮಾಡಿದ್ದು) ಮತ್ತು ಪನೀರ್ ಉಳಿಯುತ್ತವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಪನೀರಿನಲ್ಲಿ 100 ಗ್ರಾಮಿಗೆ 18 ಗ್ರಾಂ ಹತ್ತಿರ ಪ್ರೋಟೀನ್ ಇದ್ದರೆ ಕೊಬ್ಬು ಅದಕ್ಕಿಂತ ಜಾಸ್ತಿಯೇ ಇರುತ್ತದೆ. ತಡೆಯುವುದು ಚೆನ್ನಾಗಿ ತಡೆಯುತ್ತದೆ. ಆದರೆ ತೂಕ ಇಳಿಯುವುದು ನಿಂತಾಗ ನಾನು ಮೊದಲು ಕಡಿಮೆ ಮಾಡುವುದು ಅದನ್ನೇ. ಗಟ್ಟಿ ಟೋಫುವಿನಲ್ಲಿ ಕೊಬ್ಬು ಕಡಿಮೆ, ಪ್ರೋಟೀನ್ ತಯಾರಿಕೆಗೆ ತಕ್ಕ ಹಾಗೆ 10ರಿಂದ 17 ಗ್ರಾಂ. ರುಚಿ ಇಲ್ಲ ಅನ್ನುವ ಆಪಾದನೆಗೆ ಅದರ ಹತ್ತಿರ ಉತ್ತರ ಇಲ್ಲ, ಸಾರು ಹೀರಿಕೊಳ್ಳಲು ಬಿಟ್ಟರೆ ಪರವಾಗಿಲ್ಲ.

ಅನ್ನ, ಬ್ರೆಡ್ಡು, ಪಾಸ್ತಾ

ಇವು ಮೂರೂ ಹೊಟ್ಟೆಯಲ್ಲಿ ಅಂಟಂಟಾದ ಉಂಡೆಯಾಗಬಲ್ಲವು. ಹೊಸ ಮೆತ್ತನೆ ಬ್ರೆಡ್ಡು ಇದರಲ್ಲಿ ಅತಿ ಕೆಟ್ಟದ್ದು. ಅದನ್ನೇ ಗರಿಗರಿಯಾಗಿ ಸುಟ್ಟರೆ ಅಗಿದಾಗ ಪುಡಿಯಾಗುತ್ತದೆ, ಸಿಕ್ಕಿಕೊಳ್ಳುವುದು ಕಡಿಮೆ. ಅರ್ಧ ಕಪ್ ಅನ್ನಕ್ಕೆ 2 ಗ್ರಾಂ ಪ್ರೋಟೀನ್. ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ ಅನ್ನುವ ಸರದಿ ಪಾಲಿಸಿದರೆ ಅನ್ನ ತಾನಾಗಿಯೇ ಎರಡು ಚಮಚಕ್ಕೆ ಇಳಿಯುತ್ತದೆ. ಅನ್ನವನ್ನು ಪೂರ್ತಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸರದಿ ತಪ್ಪಿಸಬೇಡಿ ಅಂತಷ್ಟೇ ಹೇಳುತ್ತೇನೆ.

ತರಕಾರಿಯನ್ನು ಮೊದಮೊದಲು ಸಿಪ್ಪೆ ತೆಗೆದು, ಮೆತ್ತಗೆ ಬೇಯಿಸಿ. ನಾರುನಾರಾದ ದಂಟು, ಕಿತ್ತಳೆಯ ತೊಳೆಯ ಮೇಲಿನ ಬಿಳಿ ಪೊರೆ ಇಂಥವು ಜೀರ್ಣವಾಗದೆ ಗಂಟುಕಟ್ಟಿಕೊಳ್ಳಬಹುದು. ಹಣ್ಣು ಮತ್ತು ಹಣ್ಣಿನ ರಸದ ನಡುವೆ ಆರಿಸುವ ಪ್ರಶ್ನೆಯೇ ಇಲ್ಲ, ಹಣ್ಣೇ.

ಜಾರಿಹೋಗುವ ತಿಂಡಿಗಳು

ಆಪರೇಷನ್ನನ್ನು ಸೋಲಿಸುವ ಶಕ್ತಿ ಇರುವುದು ದೊಡ್ಡ ಊಟಕ್ಕಲ್ಲ, ಇವಕ್ಕೆ. ಚಿಪ್ಸು, ಬಿಸ್ಕತ್ತು, ಐಸ್ ಕ್ರೀಮ್, ಚಾಕೊಲೇಟ್. ಬಾಯಲ್ಲಿ ಕರಗುತ್ತವೆ, ಹೊಟ್ಟೆಯಲ್ಲಿ ನಿಲ್ಲದೆ ಜಾರುತ್ತವೆ. ಮೂರು ತುತ್ತು ಮೀನು ತಿಂದು ಸಾಕಪ್ಪಾ ಅನ್ನುವ ಅದೇ ಹೊಟ್ಟೆ ಒಂದು ಪ್ಯಾಕೆಟ್ ಚಿಪ್ಸನ್ನು ಸದ್ದಿಲ್ಲದೆ ಮುಗಿಸುತ್ತದೆ. ಹೊಟ್ಟೆ ಎಷ್ಟೇ ಚಿಕ್ಕದಿರಲಿ, ನಿಲ್ಲದ ಊಟಕ್ಕೆ ಅದು ಬರೀ ಒಂದು ಓಣಿ.

ಬಾದಾಮಿ, ಕಡಲೆಕಾಯಿ ಈ ಗುಂಪಿನ ಅಂಚಿನಲ್ಲಿವೆ. 30 ಗ್ರಾಂ ಬಾದಾಮಿಯಲ್ಲಿ 6 ಗ್ರಾಂ ಪ್ರೋಟೀನ್, 170 ಕ್ಯಾಲೊರಿ. ಎಣಿಸಿ ಬಟ್ಟಲಿಗೆ ಹಾಕಿಕೊಂಡರೆ ತಿಂಡಿ. ಡಬ್ಬಿ ಪಕ್ಕದಲ್ಲಿಟ್ಟುಕೊಂಡರೆ ದಿನವಿಡೀ ಮೇಯುವುದು.

ಸಂಜೆ ನಾಲ್ಕಕ್ಕೆ ಏನಾದರೂ ಬೇಕು ಅನ್ನಿಸಿದಾಗ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈಗ ಒಂದು ಬೇಯಿಸಿದ ಮೊಟ್ಟೆ ಕೊಟ್ಟರೆ ತಿನ್ನುತ್ತೀಯಾ? ಹೌದು ಅಂದರೆ ಹೊಟ್ಟೆಯ ಹಸಿವು, ತಿನ್ನುತ್ತೇನೆ. ಮೊಟ್ಟೆ ಬೇಡ, ಬಿಸ್ಕತ್ತು ಬೇಕು ಅಂದರೆ ತಲೆಯ ಹಸಿವು. ಎಷ್ಟೋ ಸಲ ಅದು ಬಾಯಾರಿಕೆಯೂ ಆಗಿರುತ್ತದೆ. ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಗುಟುಕು ಗುಟುಕಾಗಿ ಕುಡಿದು ಮುಗಿಸುವುದು ಹೇಳಿದಷ್ಟು ಸುಲಭ ಅಲ್ಲ.

ಸಾಕು ಅನ್ನುವ ಸೂಚನೆ

ಯಾವುದನ್ನು ಆರಿಸಿದರೂ ನಿಲ್ಲಿಸುವ ಹೊತ್ತು ಗೊತ್ತಾಗಬೇಕು. ಹಳೆಯ ಹೊಟ್ಟೆಯ ಹಾಗೆ ಇದು ತೇಗು ಕೊಟ್ಟು ಹೇಳುವುದಿಲ್ಲ. ಎದೆಮೂಳೆಯ ಕೆಳಗೆ ಒತ್ತಿದ ಹಾಗಾಗುತ್ತದೆ. ಕೆಲವರಿಗೆ ಒಂದು ಬಿಕ್ಕಳಿಕೆ, ಕೆಲವರಿಗೆ ಸೀನು, ನನಗೆ ಮೂಗು ಸೋರುತ್ತದೆ. ನಗು ಬರುತ್ತದೆ, ಆದರೆ ನಿಜ. ಮೂಗು ಒರೆಸಿಕೊಂಡು ಇನ್ನೊಂದು ತುತ್ತು ಹಾಕಿದೆನೋ, ಆ ತುತ್ತು ವಾಪಸು ಬರುತ್ತದೆ. ಒಂದು ತುತ್ತಿಗೆ ಇಪ್ಪತ್ತು ಸಲ ಅಗಿದು, ಇಪ್ಪತ್ತು ನಿಮಿಷ ಕೂತು ತಿಂದರೆ ಸೂಚನೆ ಸಮಯಕ್ಕೆ ಸರಿಯಾಗಿ ಬರುತ್ತದೆ.

ಅಪರೂಪಕ್ಕೊಮ್ಮೆ ವಾಂತಿಯಾದರೆ ತಿಂದ ರೀತಿಯನ್ನು ನೋಡಿ. ದಿನವೂ ಆಗುತ್ತಿದ್ದರೆ, ನೀರು ಕೂಡ ನಿಲ್ಲದಿದ್ದರೆ, ಊಟ ಬದಲಿಸುತ್ತಾ ಕೂರಬೇಡಿ, ಅವತ್ತೇ ಸರ್ಜನ್‌ಗೆ ಫೋನ್ ಮಾಡಿ. ಮೈಯಲ್ಲಿ ಬಿ1 ವಿಟಮಿನ್ ಸಂಗ್ರಹ ಕೆಲವೇ ವಾರಕ್ಕೆ ಆಗುವಷ್ಟು ಮಾತ್ರ ಇರುತ್ತದೆ, ಅದು ಖಾಲಿಯಾದರೆ ನರಗಳಿಗೆ ಏಟು. ಅಂದಹಾಗೆ, ಯಾವ ಊಟ ಆರಿಸಿದರೂ ವಿಟಮಿನ್ ಮಾತ್ರೆಗಳನ್ನು ಬಿಡುವ ಹಾಗಿಲ್ಲ.

ಎರಡನೇ ವರ್ಷ

ಮೇಲೆ ಹೇಳಿದ ಸರದಿ ಹೀಗೇ ಉಳಿಯುವುದಿಲ್ಲ. ವರ್ಷ ಕಳೆಯುವ ಹೊತ್ತಿಗೆ ಒಂದು ಹೊತ್ತಿಗೆ ಒಂದು ಕಪ್, ಕೆಲವರಿಗೆ ಅದಕ್ಕಿಂತಲೂ ಸ್ವಲ್ಪ ಜಾಸ್ತಿ ಹಿಡಿಸತೊಡಗುತ್ತದೆ. ಹಸಿವೂ ಮರಳುತ್ತದೆ. ಆಪರೇಷನ್ ಕೆಟ್ಟುಹೋಯಿತು ಅಂತ ಹೆದರಬೇಡಿ, ತುಂಬಾ ಜನರಿಗೆ ಹೀಗೇ. ಆಗ ಹಳೆಯ ತುಂಬುವ ಊಟದ ಪಾಠ ಒಂದೊಂದಾಗಿ ಉಪಯೋಗಕ್ಕೆ ಬರುತ್ತದೆ. ಹಸಿ ಸೌತೆಕಾಯಿ, ಸೊಪ್ಪು, ಸಲಾಡ್ ಇವು ಮೊದಲ ವರ್ಷ ಪ್ರೋಟೀನಿನ ಜಾಗ ಕಿತ್ತುಕೊಳ್ಳುತ್ತಿದ್ದವು. ಈಗ ಪ್ರೋಟೀನ್ ತಿಂದ ಮೇಲೂ ಜಾಗ ಉಳಿಯುತ್ತದೆ. ಆ ಜಾಗಕ್ಕೆ ತರಕಾರಿ ಹೋಗದಿದ್ದರೆ ಬಿಸ್ಕತ್ತು ಹೋಗುತ್ತದೆ.

ಸಿಡ್ನಿಯವರ ಪಟ್ಟಿಯಲ್ಲಿ ಮೊದಲು ನಿಂತಿದ್ದ ಬೇಯಿಸಿದ ಆಲೂಗಡ್ಡೆಯೂ ನನ್ನ ತಟ್ಟೆಗೆ ವಾಪಸು ಬಂದಿದೆ. ಮೀನು ಮುಗಿದ ಮೇಲೆ, ಎರಡು ತುಂಡು, ಬೆಣ್ಣೆ ಇಲ್ಲದೆ.